ಮೊದಲು ಹೋದದ್ದು ಕೈ

ನಾರಾಯಣಪೇಟೆ
೮ ನವೆಂಬರ್ ೨೦೨೧

ಎಲೇ ವಿಜಯಶ್ರೀ,

ಲಕೋಟೆ ಒಡೆದ ಕೂಡಲೇ ಕೊನೆಯ ಸಾಲಿಗೆ ಹಾರಬೇಡ. ನಿನ್ನ ಬುದ್ಧಿ ನನಗೆ ಗೊತ್ತಿದೆ. ಹೋಳಿಗೆಯ ಹೂರಣ ಮಾತ್ರ ತಿಂದು ಕಣಕ ಬಿಟ್ಟು ಏಳುತ್ತಿದ್ದ ಹುಡುಗಿ ನೀನು. ಕೂತುಕೊಂಡು ಮೊದಲಿನಿಂದ ಓದು. ಫೋನು ಹಚ್ಚಿದರೆ “ಅಜ್ಜಿ, ಡ್ಯೂಟಿದಾಗ ಅದೀನಿ, ಆಮ್ಯಾಲ ಮಾಡ್ತೀನಿ” ಎಂದು ಕಟ್ ಮಾಡುತ್ತೀ. ಆ ನಿನ್ನ ‘ಆಮ್ಯಾಲ’ ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಈಗ ಈ ಕಾಗದವನ್ನು ಕಟ್ ಮಾಡು, ನೋಡೋಣ.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟರೂ ನನ್ನ ಅಕ್ಷರ ಸೊಟ್ಟ ಇರಲಿಲ್ಲ. ರಾಯಚೂರಿನ ಡಾಕ್ಟರು ಕೈಗೆ ಕೆಲಸ ಕೊಡಿ, ಹಿಟ್ಟು ನಾದಿರಿ, ಬರೆಯಿರಿ ಎಂದಿದ್ದಾರೆ. ಹಿಟ್ಟು ನಾದುವಾಗ ನಿನ್ನನ್ನೇ ನೆನೆಸಿಕೊಳ್ಳುತ್ತೇನೆ. ಬಹಳ ಚೆನ್ನಾಗಿ ಹದಕ್ಕೆ ಬರುತ್ತದೆ.

ನಿನಗೆ ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಜುಲೈಯಲ್ಲಿ ನೀನು ನರ್ಸಮ್ಮನಾಗಿ ಮಠದ ಅಂಗಳದಲ್ಲಿ ಕೊರೋನಾದ ಟೀಕಾ, ಅದೇ ಲಸಿಕೆ, ಹಾಕಲು ಕುರ್ಚಿ ಹಾಕಿಸಿ ಕೂತಿದ್ದೆ. ಗಲ್ಲಿಯ ಒಂದು ನರಪಿಳ್ಳೆಯೂ ಬರಲಿಲ್ಲ. ಬಾಗಿಲು ಬಡಿದರೆ ಹಿತ್ತಲಿನಿಂದ ಓಡಿದರು. ಆಗ ನೀನು ಬಂದು ನನ್ನ ಕಾಲ ಹತ್ತಿರ ಕೂತೆ. “ಅಜ್ಜಿ, ನೀ ಒಬ್ಬಾಕಿ ಕುಂತ್ರ ಗಲ್ಲಿ ಎಲ್ಲಾ ಕುಂದರ್ತೈತಿ. ಅಪ್ಪಗ ಆದಂಗ ಯಾರಿಗೂ ಆಗಬಾರದು” ಎಂದೆ. ನನ್ನ ಮಗ ಶಿವಕಾಂತ ಮೇ ತಿಂಗಳಲ್ಲಿ ಉಸಿರು ಸಿಗದೆ ಹೋದದ್ದನ್ನು ನಾನೂ ಕಂಡಿದ್ದೆ. ಎದ್ದು ಬಂದೆ. ಪೆಟ್ಟಿಗೆಯಲ್ಲಿದ್ದ ಕೆಂಪು ಸೀರೆ ಉಟ್ಟು, ಎಲ್ಲರೂ ನೋಡುವ ಹಾಗೆ ತೋಳು ಕೊಟ್ಟೆ. ನೀನು ಫೋಟೋ ಹೊಡೆದೆ. ಸಂಜೆಯೊಳಗೆ ಗಲ್ಲಿ ಸಾಲು ಹಚ್ಚಿತು. ಆ ಫೋಟೋ ಫ್ಲೆಕ್ಸ್ ಆಗಿ ಚೌಕಿನಲ್ಲಿ ಇನ್ನೂ ನೇತಾಡುತ್ತಿದೆ. ‘ಗುರುಲಿಂಗಮ್ಮ ಹಾಕಿಸಿಕೊಂಡರು, ನೀವು?’ ಎಂದು ಹಲ್ಲು ಕಿರಿಯುತ್ತಿದ್ದೇನೆ. ಎಮ್ಮೆ ಬಂದು ಅದಕ್ಕೆ ಮೈ ತಿಕ್ಕುತ್ತದೆ.

ಎರಡು ವಾರವಾಗಿತ್ತೋ ಏನೋ. ಶ್ರಾವಣದ ಮೊದಲ ಸೋಮವಾರ ಮಠಕ್ಕೆ ನಡೆದು ಹೋಗುವಾಗ ಚಪ್ಪಲಿ ಕಾಲಿನಿಂದ ಜಾರಿ ದಾರಿಯಲ್ಲೇ ಉಳಿಯಿತು. ನನಗೆ ತಿಳಿಯಲೇ ಇಲ್ಲ. ಎದುರುಮನೆಯ ಸುಗುಣಮ್ಮ ಹಿಂದಿನಿಂದ ಎತ್ತಿಕೊಂಡು ಬಂದು “ಏನ್ರೀ ಅಮ್ಮಾ, ಚಪ್ಲಿ ದಾನ ಮಾಡಾಕತ್ತೀರೇನು?” ಎಂದು ನಕ್ಕಳು. ಅಂಗಾಲಿನಲ್ಲಿ ಇರುವೆ ಹರಿದ ಹಾಗಿತ್ತು. ಪೂಜೆಗೆ ಕೂತೆವು. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಟಣ್ ಎಂದ ಸದ್ದಿಗೆ ಕಣ್ಣು ತೆರೆದರೆ ನನ್ನ ಲಿಂಗ ಹಾಸುಗಲ್ಲಿನ ಮೇಲೆ ಉರುಳುತ್ತಿತ್ತು. ನಿನಗೆ ಲಿಂಗ ಹಿಡಿಯಲು ಕಲಿಸಿದ ಕೈ ಅದು, ವಿಜಯಾ. ಎತ್ತಿಕೊಳ್ಳಲು ಬಾಗಿದೆ, ಬೆರಳು ಮಾತು ಕೇಳಲಿಲ್ಲ. ಏಳಲು ನೋಡಿದೆ, ಕಾಲೂ ಇರಲಿಲ್ಲ.

ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ನಿನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹೇಳಿದರು. “ಮೈಯ ಕಾವಲುಗಾರನೇ ತಪ್ಪು ತಿಳಕೊಂಡು ನರಗಳಿಗೆ ಹೊಡದಾನ. ಜ್ವರ, ಭೇದಿ ಆದ ಮ್ಯಾಲೂ ಹಿಂಗ ಆಗ್ತೈತಿ. ಇವರಿಗೆ ಅಂಥಾದ್ದೇನೂ ಆಗಿಲ್ಲ. ಟೀಕಾದ ಮ್ಯಾಲ ನಮಗ ಅನುಮಾನ ಐತಿ. ಲಕ್ಷಗಟ್ಟಲೆ ಮಂದಿಯೊಳಗ ಒಬ್ಬರಿಗೆ ಹಿಂಗ ಆದರೂ ಆತು. ಜಲ್ದಿ ಕರಕೊಂಡು ಬಂದೀರಿ, ನಿಧಾನಕ್ಕ ಎದ್ದು ಅಡ್ಡಾಡ್ತಾರ. ಎರಡನೇ ಟೀಕಾ ಮಾತ್ರ ಇವರಿಗೆ ಬ್ಯಾಡ.” ನಾನು ನಾಲಗೆ ಹೊರಳದೆ ಮಲಗಿದ್ದರೂ ಕಿವಿ ಸತ್ತಿರಲಿಲ್ಲ.

ಈಗ ಕೋಲು ಹಿಡಿದು ಬಚ್ಚಲ ತನಕ ಹೋಗುತ್ತೇನೆ. ಅದಲ್ಲ ನನ್ನ ಸಂಕಟ. ಲಿಂಗ ಬಿದ್ದದ್ದಕ್ಕೆ ಕೈಕಾಲು ಹೋದವು, ಮುದುಕಿ ಏನು ಮೈಲಿಗೆ ಮಾಡಿಕೊಂಡಿದ್ದಳೋ ಎಂದು ಗಲ್ಲಿ ಆಡಿಕೊಳ್ಳುತ್ತಿದೆ. ನನ್ನ ಮನೆಯ ನೀರು ಕುಡಿಯಲು ಹೆಂಗಸರು ಹಿಂದೆಮುಂದೆ ನೋಡುತ್ತಾರೆ. ಅವರು ಕಂಡದ್ದು ಲಿಂಗ ಬಿದ್ದದ್ದನ್ನು, ಒಳಗಿನದು ಅವರಿಗೇನು ಗೊತ್ತು? ಗೊತ್ತಿರುವವಳು ನೀನು. ಒಂದು ಸೋಮವಾರ ಬಾ. ನನ್ನನ್ನು ಕೂರಿಸಿದ ಅದೇ ಅಂಗಳದಲ್ಲಿ ನಿಂತು, ಮೊದಲು ಹೋದದ್ದು ಕೈ, ಆಮೇಲೆ ಬಿದ್ದದ್ದು ಲಿಂಗ ಎಂದು ಹೇಳಿ ಹೋಗು. ನಾಲ್ಕು ಮಾತು, ಅಷ್ಟೇ.

ಆಶೀರ್ವಾದ.
ನಿನ್ನ ಅಜ್ಜಿ
ಗುರುಲಿಂಗಮ್ಮ


ಐಜ
೨೮ ನವೆಂಬರ್ ೨೦೨೧

ಅಜ್ಜಿಗೆ ವಿಜಯಶ್ರೀಯ ಶರಣಾರ್ಥಿ.

ನಿನ್ನ ಕಾಗದ ಮುಟ್ಟಿತು. ಅಲ್ಲಿಂದ ಈ ಐಜಕ್ಕೆ ವರ್ಗ ಮಾಡಿದ ಮೇಲೆ ಕೂರಲು ಪುರುಸೊತ್ತಿಲ್ಲ. ಹತ್ತಿ ಬಿಡಿಸುವ ಕಾಲ, ಜನ ಆಸ್ಪತ್ರೆಗೆ ಬರುವುದಿಲ್ಲ. ನಾವೇ ಹೊಲದಿಂದ ಹೊಲಕ್ಕೆ ಡಬ್ಬಿ ಹೊತ್ತುಕೊಂಡು ತಿರುಗಿ ಎರಡನೆಯ ಟೀಕಾ ಹಾಕುತ್ತಿದ್ದೇವೆ. ಒಬ್ಬರು ಬೇಡ ಎಂದರೆ ಆ ಸಾಲೇ ಎದ್ದು ಹೋಗುತ್ತದೆ.

ಗಲ್ಲಿಯ ಮಾತು ತಾನಾಗಿ ತಣ್ಣಗಾಗುತ್ತದೆ ಅಜ್ಜಿ, ಕೆದಕಬೇಡ. ವಯಸ್ಸಾದ ಮೇಲೆ ನರ ಸೋಲುವುದು ಎಲ್ಲರಿಗೂ ಇದ್ದದ್ದೇ. ಶಕ್ತಿಯ ಗುಳಿಗೆ ಅವ್ವನ ಹೆಸರಿಗೆ ಕಳಿಸಿದ್ದೇನೆ, ಊಟದ ಮೇಲೆ ತೆಗೆದುಕೋ. ಡಾಕ್ಟರು ಹೇಳಿದ್ದನ್ನು ಅವರಿವರ ಮುಂದೆ ಆಡಬೇಡ. ರಜೆ ಸಿಕ್ಕರೆ ಬರುತ್ತೇನೆ.

ನಿನ್ನ
ವಿಜಯಾ


ನಾರಾಯಣಪೇಟೆ
೯ ಡಿಸೆಂಬರ್ ೨೦೨೧

ವಿಜಯಶ್ರೀ,

ವಯಸ್ಸೇ? ನನ್ನ ವಯಸ್ಸು ಜುಲೈ ತನಕ ಯಾವ ಊರಿಗೆ ಹೋಗಿತ್ತು? ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದೆನಲ್ಲ, ಆಗ ಅದು ನಿದ್ದೆ ಮಾಡುತ್ತಿತ್ತೋ? ನಿನ್ನ ಗುಳಿಗೆ ಬಂದಿವೆ. ಬೆಕ್ಕಿಗೆ ಹಾಕಿದೆ, ಅದೂ ಮೂಸಿ ನೋಡಿ ಹೋಯಿತು.

ಮಾತು ತಣ್ಣಗಾಗುತ್ತದೆ ಎಂದು ಬರೆದೆ. ಕೇಳು, ಎಷ್ಟು ತಣ್ಣಗಾಗಿದೆ ಎಂದು. ಮೊನ್ನೆ ಎರಡನೆಯ ಟೀಕಾದವರು ಮನೆ ಮನೆಗೆ ಬಂದರು. ನನ್ನ ಬಾಗಿಲಿಗೆ ಬಂದು ಹೆಸರು ನೋಡಿ, ಏನೂ ಅನ್ನದೆ ಮುಂದೆ ಹೋದರು. ಎದುರುಮನೆಯ ಸುಗುಣಮ್ಮ ಮಗ್ಗದ ಮೇಲೆ ಕೂತು ಇದನ್ನು ನೋಡುತ್ತಿದ್ದಳು. ಲಾಳಿ ಬಿಟ್ಟು ಬಂದಳು.

“ಅಮ್ಮಾ, ನಿಮಗ್ಯಾಕ ಎರಡನೇದು ಹಾಕಲಿಲ್ಲ?”

“ಡಾಕ್ಟರು ಬ್ಯಾಡ ಅಂದಾರ.”

“ನರ್ಸಮ್ಮ ತನ್ನ ಅಜ್ಜೀನ್ನ ಬಿಟ್ಟು ಊರಿಗೆಲ್ಲಾ ಚುಚ್ಚಾಕ ಹೊಂಟಾಳ. ಏನೋ ಐತಿ ಬಿಡ್ರಿ. ನಾ ಅಂತೂ ತೋಳು ಕೊಡಾಕಿಲ್ಲ.”

ಅವಳ ಬೆನ್ನ ಹಿಂದೆ ಅರ್ಧ ಗಲ್ಲಿ ಬಾಗಿಲು ಮುಚ್ಚಿತು. ಮುಚ್ಚಿಟ್ಟರೆ ಜನ ತೋಳು ಕೊಡುತ್ತಾರೆ ಎಂದು ನಿನಗೆ ಯಾರು ಹೇಳಿದರು?

ಅದು ನಿನ್ನ ಸರಕಾರದ ಮಾತು, ಇರಲಿ. ನನ್ನ ಮನೆಯ ಮಾತು ಹೇಳುತ್ತೇನೆ. ನಿನ್ನ ತಮ್ಮ ಕಾಂತೇಶನಿಗೆ, ಅವನ ಹೆಂಡತಿ ಐಶ್ವರ್ಯಾಳ ತವರು ಮಕ್ತಲದಲ್ಲಿ, ಹೆಣ್ಣುಕೂಸು ಹುಟ್ಟಿದೆ. ಮಕ್ತಲದಿಂದ ಪೇಢೆ ತಂದಿದ್ದ. ಶಿವರಾತ್ರಿ ಮುಗಿದ ಮೇಲೆ ಬರುವ ಸೋಮವಾರ ಮಕ್ತಲದಲ್ಲಿ ಹೆಸರಿಡುವುದು, ಕೂಸಿಗೆ ಲಿಂಗ ಕಟ್ಟುವುದು. ನಮ್ಮಲ್ಲಿ ಮನೆಯ ಹಿರಿಯ ಹೆಂಗಸು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರಬೇಕು, ಅಯ್ಯನವರು ಲಿಂಗ ಕಟ್ಟಬೇಕು. ನಿನ್ನಪ್ಪನಿಗೆ ನಮ್ಮತ್ತೆ ಕೂತಿದ್ದಳು. ನಿನಗೂ ಕಾಂತೇಶನಿಗೂ ನಾನೇ ಕೂತಿದ್ದೆ. ನೀನು ನನ್ನ ಹೊಸ ಸೀರೆ ಒದ್ದೆ ಮಾಡಿದ್ದೆ.

ಕಾಂತೇಶ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಹೇಳಿದ. “ಅಜ್ಜಿ, ಈ ಸಲ ಐಶ್ವರ್ಯಾಳ ಅವ್ವ ಕುಂದರ್ತಾರಂತ.”

“ಯಾಕೋ, ನನ್ನ ತೊಡಿಗೇನಾಗೇತಿ?”

“ತೊಡಿಗಲ್ಲಜ್ಜಿ… ಅವರ ಕಡೀಯವರು ಕೇಳಾಕತ್ತಾರ. ಆ ಲಿಂಗದ ಮಾತು. ಕೂಸಿಗೆ ಒಳ್ಳೇದಲ್ಲಂತ.”

“ನೀ ಏನಂದಿ?”

ಪೇಢೆಯ ಡಬ್ಬಿಗೆ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

ನೀನು ಬರುವ ತನಕ ನಾನು ಕಾಯುವುದಿಲ್ಲ. ಕರಿಬಸಯ್ಯನವರ ಹತ್ತಿರ ನಾನೇ ಹೋಗುತ್ತೇನೆ. ಮಠದ ಅಯ್ಯನವರು ಒಂದು ಮಾತು ಆಡಿದರೆ ಮಕ್ತಲದ ಬೀಗರ ಬಾಯಿಯೂ ಮುಚ್ಚುತ್ತದೆ. ಈ ಮಾತನ್ನು ಹುಟ್ಟಿಸಿದ ನಾಲಗೆ ಯಾರದು ಎಂದೂ ಕೇಳಿಕೊಂಡು ಬರುತ್ತೇನೆ.

ಅಜ್ಜಿ


ನಾರಾಯಣಪೇಟೆ
೧೭ ಡಿಸೆಂಬರ್ ೨೦೨೧

ಯಾರದು ಎಂದು ತಿಳಿಯಿತು.

ಆಟೋದಲ್ಲಿ ಹೋದೆ. ಮೆಟ್ಟಿಲು ಹತ್ತಿಸಲು ಸುಗುಣಮ್ಮ ಬಂದಿದ್ದಳು. ಕರಿಬಸಯ್ಯನವರು ಕಂಬಕ್ಕೆ ಒರಗಿ ಕೂತಿದ್ದರು. ನಾನು ಕೈ ಮುಗಿದೆ. ಎರಡು ಕೈಯೂ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ ಈಗ, ಕೂಡಿದಷ್ಟು ಮುಗಿದೆ.

“ಅಯ್ಯನವರೇ, ಲಿಂಗ ಬಿದ್ದು ನನ್ನ ಕೈ ಹೋಗಲಿಲ್ಲರೀ. ಕೈ ಹೋತು, ಅದಕ್ಕ ಲಿಂಗ ಬಿತ್ತು. ಮಂದಿ ತಿರುವಿ ಆಡಾಕತ್ತಾರ. ನೀವು ಒಂದು ಮಾತು ಹೇಳ್ರಿ.”

ಅವರು ಜಡೆಯನ್ನು ಬಿಚ್ಚಿ ಕಟ್ಟಿದರು. “ಗುರುಲಿಂಗಮ್ಮ, ಇದು ಮಂದಿ ಹುಟ್ಟಿಸಿದ ಮಾತಲ್ಲವ್ವ. ನಿನ್ನ ದವಾಖಾನಿಗೆ ಒಯ್ದ ವಾರ ಗಲ್ಲಿ ಎಲ್ಲಾ ಇಲ್ಲೇ ಕೂಡಿತ್ತು. ಟೀಕಾದಿಂದ ಆತೇನು ಅಂತ ಒದರಾಕತ್ತಿದ್ರು. ನಿನ್ನ ವಿಜಯಾ ನರ್ಸ್ ಡ್ರೆಸ್ ಮ್ಯಾಲೇ ಬಂದ್ಳು. ಇಕಾ, ಅಲ್ಲೇ ನಿಂತಿದ್ಳು. ‘ಟೀಕಾದಿಂದಲ್ಲರೀ. ಕೈಯಾಗಿನ ಲಿಂಗ ಬಿತ್ತಂತ ನಮ್ಮಜ್ಜಿ ಅಂಜಿದ್ಳು, ಆ ಅಂಜಿಕೀಗೆ ನರ ಸೋತ್ವು’ ಅಂದ್ಳು. ಮಮ್ಮಗಳೇ ಅಂದ ಮ್ಯಾಲ, ಅದೂ ಕಲ್ತಾಕಿ ಅಂದ ಮ್ಯಾಲ, ನಾ ಇಲ್ಲ ಅನ್ನಾಕ ಆಗ್ತೈತೇನು?”

ನಾನು ಸುಗುಣಮ್ಮನ ಕಡೆ ನೋಡಿದೆ. ಅವಳು ತನ್ನ ಸೆರಗಿನ ತುದಿ ನೋಡಿಕೊಂಡಳು. ಅವಳಿಗೂ ಗೊತ್ತಿತ್ತು. ಗಲ್ಲಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ನನ್ನ ಮರ್ಯಾದೆ ಉಳಿಸು ಬಾ ಎಂದು, ಅದನ್ನು ಮಾರಿದವಳಿಗೇ ಕಾಗದ ಬರೆಯುತ್ತ ಕೂತಿದ್ದೆ.

ಕೈಕಾಲು ಹೋದಾಗ ನಾನು ಟೀಕಾವನ್ನು ಬೈಯಲಿಲ್ಲ. ಔಷಧಕ್ಕೆ ನನ್ನ ಮೇಲೆ ಯಾವ ಹಗೆ? ಅದು ಯಾರ ಮೈಯಲ್ಲಿ ಹೇಗೆ ನಡೆಯುತ್ತದೋ ಅದಕ್ಕೇ ಗೊತ್ತಿಲ್ಲ. ನಿನಗೆ ಗೊತ್ತಿತ್ತು. ಡಾಕ್ಟರ ಮಾತು ಕೇಳಿ, ಬಸ್ಸು ಹತ್ತಿ, ಊರಿಗೆ ಬಂದು, ಮಠದ ಅಂಗಳದಲ್ಲಿ ನಿಂತು ಆ ಸುಳ್ಳು ಹೇಳಿದೆ. ದಾರಿ ಉದ್ದಕ್ಕೂ ನಿನಗೆ ಹೊತ್ತು ಇತ್ತು.

ಬೇರೆ ಏನಾದರೂ ಹೇಳಬಹುದಿತ್ತಲ್ಲೇ! ಬಿದ್ದಳು ಅನ್ನು, ಸಕ್ಕರೆ ಕಾಯಿಲೆ ಅನ್ನು, ಹುಚ್ಚು ಹಿಡಿಯಿತು ಅನ್ನು. ನನ್ನ ಲಿಂಗವನ್ನೇ ಏಕೆ ಎಳೆದು ತಂದೆ? ಜನ ಬೇರೆ ಯಾವುದನ್ನೂ ಅಷ್ಟು ಬೇಗ ನಂಬುವುದಿಲ್ಲ ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ನಮ್ಮ ಮನೆಯಲ್ಲೇ ಬೆಳೆದವಳು ನೀನು.

ಇದಕ್ಕೆ ಆಶೀರ್ವಾದ ಬರೆಯುವುದಿಲ್ಲ.

ಗುರುಲಿಂಗಮ್ಮ


ನಾರಾಯಣಪೇಟೆ
೧೮ ಜನವರಿ ೨೦೨೨

ಸಂಕ್ರಾಂತಿ ಮುಗಿಯಿತು. ನಿಮ್ಮವ್ವ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿದಳು. ಐಜಕ್ಕೆ ಕಳಿಸಲೇ ಎಂದಳು. ಬೇಡ ಎಂದೆ. ಅವಳು ಕಟ್ಟಿದ್ದನ್ನು ಬಿಚ್ಚತೊಡಗಿದಳು. ಕಳಿಸು ಎಂದೆ.

ಮುಟ್ಟಿದವೋ ಇಲ್ಲವೋ ಅಷ್ಟಾದರೂ ಬರೆ.

ಗುರುಲಿಂಗಮ್ಮ


ಐಜ
೩ ಫೆಬ್ರವರಿ ೨೦೨೨

ಅಜ್ಜಿಗೆ,

ರೊಟ್ಟಿ ಮುಟ್ಟಿದವು. ತಿನ್ನಲಾಗದೆ ಇಟ್ಟಿದ್ದೆ. ಆಮೇಲೆ ತಿಂದೆ.

ನಾನು ಹಾಗೆ ಹೇಳಿದ್ದು ಹೌದು. ಆ ದಿನ ರಾಯಚೂರಿನಿಂದ ಬರುತ್ತಿದ್ದ ಹಾಗೆ ಮೇಲಿನವರ ಫೋನು ಬಂತು. ವರದಿಯನ್ನು ಬರೆದು ಕಳಿಸು, ಊರಲ್ಲಿ ಮಾತ್ರ ಬಾಯಿ ಬಿಡಬೇಡ, ಗಲಾಟೆಯಾದರೆ ನಿನ್ನ ಮೇಲೆ ಬರುತ್ತದೆ ಎಂದರು. ಮಠದ ಮುಂದೆ ಅಷ್ಟು ಜನ. ಸುಗುಣಮ್ಮನ ಗಂಡ ನನ್ನ ಡಬ್ಬಿಯನ್ನು ಕಿತ್ತು ಚರಂಡಿಗೆ ಎಸೆಯಲು ಬಂದಿದ್ದ. ಯಾರೋ ‘ಲಿಂಗ ಬಿದ್ದದ್ದಕ್ಕೆ ಇರಬೇಕು’ ಎಂದರು. ಆ ಮಾತು ನನ್ನದಲ್ಲ ಅಜ್ಜಿ, ಆದರೆ ನನಗೆ ಬೇಕಾಗಿತ್ತು. ಹೌದು ಎಂದೆ. ಹೌದು ಎಂದ ಮೇಲೆ ಉಳಿದದ್ದು ತಾನಾಗಿ ಬಾಯಿಗೆ ಬಂತು.

ಅಪ್ಪ ಟೀಕಾ ಸಿಗದೆ ಹೋದರು. ಇನ್ನೊಂದು ಮನೆಯಲ್ಲಿ ಹಾಗೆ ಆಗಬಾರದು ಎಂದಷ್ಟೇ ನನ್ನ ತಲೆಯಲ್ಲಿತ್ತು. ನೀನು ಎರಡು ತಿಂಗಳಲ್ಲಿ ಎದ್ದು ಓಡಾಡುತ್ತೀ, ಜನ ಮರೆಯುತ್ತಾರೆ ಅಂದುಕೊಂಡೆ. ನೀನು ಏಳಲಿಲ್ಲ. ನಿನ್ನ ಮುಖ ನೋಡಲಾಗದೆ ವರ್ಗ ಕೇಳಿಕೊಂಡೆ. ಯಾರೂ ನನ್ನನ್ನು ಕಳಿಸಲಿಲ್ಲ.

ಈಗ ಬಂದು ಹೇಳಿದರೆ ಯಾರು ನಂಬುತ್ತಾರೆ? ಆಗ ಸುಳ್ಳು ಹೇಳಿದ್ದೆಯೋ, ಈಗ ಹೇಳುತ್ತಿದ್ದೀಯೋ ಎನ್ನುತ್ತಾರೆ. ಅಪ್ಪನ ಮೇಲಾಣೆ ಅಜ್ಜಿ, ನಿನಗೆ ನೋವಾಗಲಿ ಎಂದು ಮಾಡಲಿಲ್ಲ.

ವಿಜಯಾ


ನಾರಾಯಣಪೇಟೆ
೧೨ ಫೆಬ್ರವರಿ ೨೦೨೨

ವಿಜಯಶ್ರೀ,

ನಿನ್ನ ಕಾಗದ ಓದಿದೆ. ನಿಮ್ಮವ್ವನಿಂದಲೂ ಓದಿಸಿದೆ. ಅವಳು ಅತ್ತಳು, ನಾನು ಅಳಲಿಲ್ಲ.

ಅಪ್ಪನ ಹೆಸರು ತಂದು ನನ್ನ ಬಾಯಿ ಮುಚ್ಚಿಸಬೇಡ. ನಿನಗೆ ಅವನು ಅಪ್ಪ, ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಅವನಿಗಾಗಿ ತೋಳು ಕೇಳಿದ್ದರೆ ಕೊಡುತ್ತಿದ್ದೆ, ಕೊಟ್ಟೂ ಕೊಟ್ಟೆ. ಇನ್ನೂ ಕೇಳಿದ್ದರೆ ಇನ್ನೊಂದನ್ನೂ ಕೊಡುತ್ತಿದ್ದೆ. ನೀನು ಕೇಳದೆ ತೆಗೆದುಕೊಂಡದ್ದು ಬೇರೆ. ಕಾಲು ಹೋದ ಮುದುಕಿಯನ್ನು ಜನ ನೋಡಲು ಬರುತ್ತಾರೆ. ಲಿಂಗ ತಪ್ಪಿದ ಮುದುಕಿಯನ್ನು ದೂರದಿಂದ ನೋಡುತ್ತಾರೆ. ನೀನು ನನ್ನನ್ನು ಮೊದಲನೆಯ ಕಡೆಯಿಂದ ಎತ್ತಿ ಎರಡನೆಯ ಕಡೆಗೆ ಕೂರಿಸಿ, ಬಸ್ಸು ಹತ್ತಿ ಹೋದೆ.

ನಂಬುತ್ತಾರೋ ಇಲ್ಲವೋ ಎಂದು ಕೇಳಿದ್ದೀ. ಕಳೆದ ವಾರ ಸುಗುಣಮ್ಮನನ್ನು ಕರೆದು ಕೂರಿಸಿ ಎಲ್ಲ ಹೇಳಿದೆ. ಡಾಕ್ಟರು ಹೇಳಿದ ಹಾಗೆಯೇ ಹೇಳಿದೆ, ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವಳು ತನ್ನ ತೋಳು ಹಿಡಿದುಕೊಂಡು ಕೇಳಿದಳು.

“ಮತ್ತ ನನಗೂ ಹಂಗ ಆದ್ರ?”

“ಆಗೋದು ಕಷ್ಟ. ಆದ್ರೂ ಚಪ್ಲಿ ಕಾಲಾಗಿಂದ ತಾನೇ ಜಾರಿದ್ರ, ಬೆರಳು ಜೋಮು ಹಿಡದ್ರ, ಎಣ್ಣಿ ತಿಕ್ಕೊಂತ ಮನ್ಯಾಗ ಕುಂದರಬ್ಯಾಡ. ಅವತ್ತೇ ರಾಯಚೂರಿಗೆ ನಡಿ. ಕೊರೋನಾ ಬಂದ್ರ ಏನಾಗ್ತೈತಿ ನಮ್ಮ ಶಿವಕಾಂತನ್ನ ನೋಡೀಯಲ್ಲ, ಎರಡೂ ತೂಗಿ ನೋಡು.”

ಅವಳು ಒಂದು ದಿನ ತೂಗಿದಳು. ಮರುದಿನ ಹೋಗಿ ಹಾಕಿಸಿಕೊಂಡು ಬಂದಳು. ಪಕ್ಕದ ಮನೆಯ ಇಬ್ಬರು ಹೋಗಲಿಲ್ಲ, ಅದು ಅವರ ಖುಷಿ. ನಿನ್ನ ಸುಳ್ಳಿಗೆ ಮುಚ್ಚಿದ ಬಾಗಿಲಲ್ಲಿ ಒಂದು ನನ್ನ ನಿಜಕ್ಕೆ ತೆರೆಯಿತು. ನೀನು ಹನ್ನೆರಡನೆಯ ತನಕ ಓದಿ, ಅದರ ಮೇಲೆ ನರ್ಸಿಂಗ್ ಕಲಿತೆ. ಇಷ್ಟನ್ನು ಅಲ್ಲಿ ಕಲಿಸಲಿಲ್ಲವೇ?

ಆದರೆ ಲಿಂಗದ ಮಾತು ನಾನು ಹೇಳಿದರೆ ನಡೆಯುವುದಿಲ್ಲ. ಮುದುಕಿ ತನ್ನ ತಪ್ಪು ಮುಚ್ಚಿಕೊಳ್ಳುತ್ತಾಳೆ ಎನ್ನುತ್ತಾರೆ. ಕಟ್ಟಿದವಳೇ ಬಿಚ್ಚಬೇಕು.

ನನ್ನ ಪೂಜೆ ಈಗ ಹೇಗೆ ನಡೆಯುತ್ತದೆ, ಕೇಳು. ಕರಿಬಸಯ್ಯನವರು ಲಿಂಗಕ್ಕೆ ಸಂಸ್ಕಾರ ಮಾಡಿ ಮತ್ತೆ ಕಟ್ಟಿಕೊಟ್ಟರು. ಅಂಗೈ ಇನ್ನೂ ನಡುಗುತ್ತದೆ. ನಿಮ್ಮವ್ವ ಒಲೆಯ ಕೆಲಸ ಬಿಟ್ಟು ಬಂದು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಇಟ್ಟು ಕೂರುತ್ತಾಳೆ. ಅವಳ ಕೈಯ ಬಿಸಿ ತಾಗಿದಾಗ ನನಗೆ ನಿನ್ನ ದೀಕ್ಷೆಯ ದಿನ ನೆನಪಾಗುತ್ತದೆ. ಎಂಟು ವರ್ಷದವಳು, ಗುಬ್ಬಿಮರಿಯ ಹಾಗೆ ನಡುಗುತ್ತಿದ್ದೆ. “ಅಜ್ಜಿ, ಬಿದ್ರ?” ಎಂದು ಕೇಳಿದ್ದೆ. “ನನ್ನ ಕೈ ಕೆಳಗೈತಲ್ಲ, ಹ್ಯಾಂಗ ಬೀಳ್ತೈತಿ?” ಎಂದಿದ್ದೆ. ಬೀಳಲಿಲ್ಲ. ಬಿದ್ದಿದ್ದರೂ ನಾನು ಊರ ಮುಂದೆ ನಿಂತು ನಿನ್ನ ತಪ್ಪು ಎನ್ನುತ್ತಿರಲಿಲ್ಲ.

ಕಾಂತೇಶನಿಗೆ ಹೇಳಿ ಕಳಿಸಿದ್ದೇನೆ, ಕೂಸಿನ ಲಿಂಗಧಾರಣೆಗೆ ನಾನು ಬರುತ್ತೇನೆ ಎಂದು. ಯಾರೂ ಕರೆಯದಿದ್ದರೂ ಮಕ್ತಲದ ಬಸ್ಸು ನನ್ನನ್ನು ಹತ್ತಿಸಿಕೊಳ್ಳುತ್ತದೆ. ಬೀಗರು, ಅವರ ಕಡೆಯವರು, ಕರಿಬಸಯ್ಯನವರು, ನಮ್ಮ ಗಲ್ಲಿಯವರು ಎಲ್ಲರೂ ಅಲ್ಲಿರುತ್ತಾರೆ. ನೀನೂ ಬಾ. ನಿನ್ನ ಆ ಡ್ರೆಸ್ ಹಾಕಿಕೊಂಡೇ ಬಾ. ಸುಳ್ಳು ಹೇಳುವಾಗ ಅದನ್ನೇ ಹಾಕಿಕೊಂಡಿದ್ದೆಯಲ್ಲ, ನಿಜಕ್ಕೂ ಅದೇ ಇರಲಿ. ಮೊದಲು ಹೋದದ್ದು ಕೈ ಎಂದು ಎಲ್ಲರ ಮುಂದೆ ಹೇಳು. ನಂಬದವರು ನಂಬದಿರಲಿ, ಅವರ ಬಾಯಿಗೆ ನಾನಿದ್ದೇನೆ.

ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಇಡು. ನನ್ನ ಕೈ ನಡುಗುತ್ತದೆ, ಅದರ ಕೆಳಗೆ ನಿನ್ನ ಕೈ ಇಡು. ಕ್ಷಮಿಸಿದೆ ಎಂದು ಇದನ್ನು ಓದಬೇಡ. ಕ್ಷಮೆ ಇನ್ನೂ ನನ್ನ ಹತ್ತಿರ ಇಲ್ಲ, ಹುಡುಕಿ ನೋಡಿದೆ. ಕೂಸು ಕೆಳಗೆ ಬೀಳಬಾರದು, ಅದಕ್ಕೆ ಕರೆಯುತ್ತಿದ್ದೇನೆ.

ನೀನು ಬರದಿದ್ದರೆ ನಾನು ಆ ತುಂಬಿದ ಮನೆಯಲ್ಲಿ ಗೋಡೆಗೆ ಒರಗಿ, ಇನ್ನೊಬ್ಬಳ ತೊಡೆಯ ಮೇಲಿನ ನನ್ನ ಮರಿಮಗಳನ್ನು ನೋಡುತ್ತ ಕೂರುತ್ತೇನೆ. ಅದನ್ನೂ ಮಾಡುತ್ತೇನೆ. ಆದರೆ ಆ ದಿನದ ನಂತರ ನಮ್ಮ ಮನೆಯಿಂದ ನಿನಗೆ ರೊಟ್ಟಿ ಬರುವುದಿಲ್ಲ, ಕಾಗದವೂ ಬರುವುದಿಲ್ಲ.

‘ರಜೆ ಸಿಕ್ಕರೆ’ ಎಂದು ಬರೆಯಬೇಡ. ‘ನೋಡುತ್ತೇನೆ’ ಎಂದೂ ಬರೆಯಬೇಡ. ಬರುತ್ತೇನೆ ಅನ್ನು, ಇಲ್ಲವೇ ಬರುವುದಿಲ್ಲ ಅನ್ನು, ಒಂದೇ ಸಾಲು ಸಾಕು. ಮಾರ್ಚ್ ಹುಟ್ಟುವುದರೊಳಗೆ ಅದು ನನ್ನ ಕೈ ಸೇರಬೇಕು.

ಗುರುಲಿಂಗಮ್ಮ